ಕ್ರಾಸಿನಿಂದ ಹರಿದ ಟಿಕೆಟ್ಟು

ಚಾಮರಾಜಪೇಟೆಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಅಮ್ಮ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಮಾಡಿ ಮಾರುತ್ತಾಳೆ. ಮಾಡುತ್ತಾಳೆ ಎನ್ನುವುದು ಅರ್ಧ ಸತ್ಯ. ಅಳೆಯುವುದು, ಪೊಟ್ಟಣ ಕಟ್ಟುವುದು, ಸಂಪಿಗೆ ರಸ್ತೆಯ ಅಂಗಡಿಯವರ ಜೊತೆ ಫೋನಿನಲ್ಲಿ ಜಗಳ ಕಾಯುವುದು ಅಮ್ಮ. ಹುರಿಯುವುದು ಅಕ್ಕ. ಕೊತ್ತಂಬರಿ ಬೀಜವನ್ನು ಯಾವ ಗಳಿಗೆಯಲ್ಲಿ ಒಲೆಯಿಂದ ಇಳಿಸಬೇಕೆಂದು ಅವರಿಗೆ ಮೂಗು ಹೇಳುತ್ತದೆ. ಅಮ್ಮ ಗಡಿಯಾರ ಹಿಡಿದು ನಿಂತರೂ ಸೀಯಿಸುತ್ತಾಳೆ. ಸಂಬಂಧದಲ್ಲಿ ಆಕೆ ನಮಗೆ ಏನೂ ಅಲ್ಲ. ಆದರೆ ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಬೆಳಿಗ್ಗೆ ಎಂಟೂಕಾಲಿಗೆ ಬಂದು ಸಂಜೆ ನಾಲ್ಕಕ್ಕೆ ಹೊರಡುವ ಹೆಂಗಸನ್ನು ಅಕ್ಕ ಅನ್ನದೆ ಇನ್ನೇನು ಅನ್ನಲಿ?

ಅಕ್ಕನ ಊರು ಬೆಂಗಳೂರಿನ ಪಶ್ಚಿಮಕ್ಕೆ, ಬಸ್ಸಿನಲ್ಲಿ ಎರಡು ಗಂಟೆಗೂ ಮೇಲಿನ ದಾರಿ. ಆ ಊರಿಗೆ ಇರುವುದು ಒಂದೇ ಬಸ್ಸು. ಸಂಜೆ ಮೆಜೆಸ್ಟಿಕ್ಕಿನಿಂದ ಹೊರಟು ಊರಿಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಡ್ರೈವರು, ಕಂಡಕ್ಟರು ಹಾಲಿನ ಡೇರಿಯ ಪಕ್ಕದ ಕೋಣೆಯಲ್ಲಿ ಮಲಗಿ, ನಸುಕಿನಲ್ಲಿ ಅದನ್ನೇ ಹೊರಡಿಸಿಕೊಂಡು ಬರುತ್ತಾರೆ. ಊರಿನವರು ಅದನ್ನು ಹಾಲ್ಟಿಂಗ್ ಬಸ್ಸು ಅನ್ನುತ್ತಾರೆ. ಗಂಡಸರಿಗೆ ಬೈಕುಗಳಿವೆ. ಬಸ್ಸು ಹೆಂಗಸರದು. ಹೂವಿನ ಮೂಟೆಯವರು, ಗಾರ್ಮೆಂಟ್ಸಿನವರು, ಮನೆಗೆಲಸದವರು, ಅಕ್ಕ.

ಹೋದ ಬೇಸಿಗೆಯಲ್ಲಿ ಒಂದು ದಿನ ಅಕ್ಕ ಬಂದವರೇ ಸೆರಗಿನಲ್ಲಿ ಮುಖ ಒರೆಸಿಕೊಂಡು ಅಮ್ಮನಿಗೆ ಹೇಳಿದರು: "ಬ್ಯಾರೆ ಯಾರ್‍ನಾದ್ರೂ ನೋಡ್ಕಳಿ ಅಮ್ಮಾರೆ. ಬರೋ ತಿಂಗ್ಳಿಂದ ಬಸ್ಸು ನಮ್ಮೂರಿಗೆ ಬರಾಕಿಲ್ವಂತೆ."

ಬಸ್ಸಿನೊಳಗೆ ಕಾಗದ ಅಂಟಿಸಿದ್ದರು. ಇನ್ನು ಮುಂದೆ ಬಸ್ಸು ಮುಖ್ಯರಸ್ತೆಯ ಕ್ರಾಸಿನಲ್ಲೇ ನಿಲ್ಲುತ್ತದೆ. ಕ್ರಾಸಿನಿಂದ ಊರಿಗೆ ಒಂಬತ್ತು ಕಿಲೋಮೀಟರು, ನಡುವೆ ಮೂರು ಹಳ್ಳಿ, ಒಂದು ಕೆರೆ ಏರಿ. ಆ ಹೊತ್ತಿನಲ್ಲಿ ಆಟೋ ಇಲ್ಲ. ನಡೆಯಬೇಕೆಂದರೆ ಮೂರಕ್ಕೇ ಎದ್ದು ಕತ್ತಲಲ್ಲಿ ಹೊರಡಬೇಕು.

"ಇಲ್ಲೇ ಇದ್ಬಿಡು, ಭಾನುವಾರ ಊರಿಗೆ ಹೋಗು. ಹಿಂದಿನ ಕೋಣೆ ಖಾಲಿ ಇದೆ," ಅಂದಳು ಅಮ್ಮ.

"ಹುಳಕ್ಕೆ ಸೊಪ್ಪು ಯಾರು ಹಾಕ್ತಾರೆ? ನಿಮ್ ಮಗಳು ಬಂದ್ ಹಾಕ್ತಾಳಾ?"

ಅಕ್ಕನ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಹಗಲು ಗಂಡ ನೋಡಿಕೊಂಡರೆ, ಸಂಜೆಯ ಸೊಪ್ಪು, ತಟ್ಟೆ ಬದಲಾಯಿಸುವುದು ಅಕ್ಕನ ಪಾಲು. ಎರಡರಲ್ಲಿ ಒಂದನ್ನು ಬಿಡಬೇಕೆಂದರೆ ಬಿಡುವುದು ನಮ್ಮ ಮನೆಯನ್ನೇ. ಅದು ಮೂವರಿಗೂ ಗೊತ್ತಿತ್ತು. ಅಕ್ಕ ಒಲೆ ಹಚ್ಚಿ, ಬಾಣಲೆ ಇಟ್ಟು, "ಗೂಡಿನ ದುಡ್ಡು ಮನೇದು. ಇದೊಂದು ನಂದು," ಅಂದರು. ಯಾರಿಗೆ ಹೇಳಿದರೋ ಗೊತ್ತಿಲ್ಲ, ಬಾಣಲೆಗಿರಬೇಕು.

ನಾನು ಬಸವನಗುಡಿಯ ವಕೀಲರೊಬ್ಬರ ಹತ್ತಿರ ಜೂನಿಯರ್. ಅದಕ್ಕೂ ಮೊದಲು ಕಾಲೇಜಿನ ಚರ್ಚಾತಂಡದಲ್ಲಿ ಐದು ವರ್ಷ ಸವೆಸಿದವಳು. ಅಲ್ಲಿ ಪರವೋ ವಿರೋಧವೋ ಎನ್ನುವುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸುತ್ತಿದ್ದರು. ಹೆಂಗಸರ ಉಚಿತ ಬಸ್ ಪ್ರಯಾಣ ತಪ್ಪು ಎಂದು ಒಮ್ಮೆ ವಾದಿಸಿ, ಗೆದ್ದು, ಕಪ್ಪು ಹಿಡಿದುಕೊಂಡು ಉಚಿತ ಟಿಕೆಟ್ಟಿನಲ್ಲೇ ಮನೆಗೆ ಬಂದಿದ್ದೇನೆ. ಆಗ ನನಗದು ತಮಾಷೆಯಾಗಿ ಕಂಡಿತ್ತು. ಯಾವ ಮಾತಿಗೂ "ಯಾಕೆ?" ಅನ್ನುವುದು, "ಆಧಾರ ಏನು?" ಅನ್ನುವುದು ನನ್ನ ಬಾಯಿಗೆ ಅಂಟಿಹೋಗಿದೆ. ಅಮ್ಮ ದೇವರ ಮನೆಗೆ ನನ್ನನ್ನು ಕರೆಯುವುದನ್ನು ಬಿಟ್ಟು ಬಹಳ ದಿನವಾಯಿತು.

ಹಾಗಾಗಿ ಮನವಿ ಬರೆಯುವ ಕೆಲಸ ತಾನಾಗಿಯೇ ನನ್ನ ಮೇಲೆ ಬಿತ್ತು. ನಾಲ್ಕು ಪುಟ ಬರೆದೆ. ರಸ್ತೆಯಿಂದ ಯಾರೂ ಲಾಭ ಕೇಳುವುದಿಲ್ಲ, ಬೀದಿದೀಪದಿಂದ ಕೇಳುವುದಿಲ್ಲ, ಬಸ್ಸಿನಿಂದ ಮಾತ್ರ ಯಾಕೆ ಎಂದು ಶುರುಮಾಡಿ, ಉಪಶೀರ್ಷಿಕೆ ಕೊಟ್ಟು, ಎದುರಾಳಿ ಎತ್ತಬಹುದಾದ ಆಕ್ಷೇಪಗಳನ್ನು ನಾನೇ ಎತ್ತಿ ನಾನೇ ಹೊಡೆದುಹಾಕಿದೆ. ಒಲೆಯ ಮುಂದೆ ನಿಂತು ಓದಿ ಹೇಳಿದೆ. ಅಕ್ಕ ಪೂರ್ತಿ ಕೇಳಿಸಿಕೊಂಡರು.

"ಇಷ್ಟುದ್ದ ಯಾಕೆ? ಬಸ್ಸು ಬೇಕು ಅಂತ ಬರಿ."

"ಅಷ್ಟೇ ಬರೆದ್ರೆ ಯಾಕೆ ಬೇಕು ಅಂತಾರೆ ಅಕ್ಕ."

"ಬಸ್ಸು ಯಾಕ್ ಬೇಕು ಅಂತ ಕೇಳೋನು ಬಸ್ಸು ಓಡ್ಸೋ ಆಫೀಸ್‌ನಾಗೆ ಕೂತವ್ನಾ?"

"ಇವಳಿಗೆ ಒಬ್ಬಳು ಸಿಕ್ಕಳಪ್ಪ," ಅಂದಳು ಅಮ್ಮ.

ಡಿಪೋ ಇರುವುದು ತಾಲ್ಲೂಕು ಕೇಂದ್ರದಲ್ಲಿ, ಬಸ್ಸು ಬರುವ ದಾರಿಯಲ್ಲೇ. ನೋಡದೆ ಮಾತಾಡಬಾರದೆಂದು ಒಂದು ಗುರುವಾರ ಸಂಜೆ ಅಕ್ಕನ ಜೊತೆ ಅವರ ಊರಿಗೆ ಹೋದೆ. ಮರುದಿನ ಅದೇ ಬಸ್ಸಿನಲ್ಲಿ ಹೊರಟು ಇಬ್ಬರೂ ಡಿಪೋದಲ್ಲಿ ಇಳಿಯುವುದು ಎಂದು ಮಾತಾಗಿತ್ತು.

ಬಸ್ಸಿನವರಿಗೆ ಊರೇ ಊಟ ಹಾಕುತ್ತದೆ. ಒಂದೊಂದು ದಿನ ಒಂದೊಂದು ಮನೆ, ಸರದಿ. ಅಂದು ಅಕ್ಕನ ಎದುರುಮನೆಯ ಸರದಿ. ಮುದ್ದೆ, ಹುರುಳಿಕಾಳಿನ ಬಸ್ಸಾರು. ಕಂಡಕ್ಟರು ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಆ ಮನೆಯ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಉಣ್ಣುತ್ತಿದ್ದರು. ವಯಸ್ಸಾದವರು, ನಿವೃತ್ತಿಗೆ ಒಂದು ವರ್ಷವೂ ಉಳಿದಿರಲಿಲ್ಲ. ಯಾರ ಹಸು ಗಬ್ಬವಾಗಿದೆ, ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋಗಿದ್ದಾಳೆ ಎಲ್ಲ ಅವರಿಗೆ ಗೊತ್ತು. ನಾನು ಮನವಿಯ ವಿಷಯ ಎತ್ತಿದಾಗ ಕೈ ತೊಳೆಯುತ್ತಾ ಹೇಳಿದರು: "ಕೊಡಿ ಮೇಡಂ, ಕೊಡಿ. ನಾವ್ ಹೇಳಿದ್ರೆ ಕೇಳಲ್ಲ. ನಾನಂತೂ ಈ ಊರಿನ ಉಪ್ಪು ತಿಂದಿದೀನಿ."

ಬೆಳಿಗ್ಗೆ ಬಸ್ಸು ಹೊರಟಾಗ ಇನ್ನೂ ಕತ್ತಲೆ. ಸೀಟುಗಳೆಲ್ಲ ತುಂಬಿದ್ದವು. ಕಾಲಿಡುವಲ್ಲಿ ಹೂವಿನ ಮೂಟೆ, ಮಡಿಲಲ್ಲಿ ಊಟದ ಡಬ್ಬಿ, ಕಿವಿ ಮುಚ್ಚುವಂತೆ ಹೊದ್ದ ಸೆರಗು. ಕೂತ ಕೂಡಲೇ ಹೆಂಗಸರು ತಲೆ ವಾಲಿಸಿ ನಿದ್ದೆಹೋದರು. ನಾನು ಚೀಲದಿಂದ ಆಧಾರ್ ಕಾರ್ಡು ತೆಗೆದೆ.

"ಒಳಗಿಡವ್ವ," ಅಂದರು ಅಕ್ಕ, ಕಣ್ಣು ತೆರೆಯದೆ. "ಕ್ರಾಸ್ ಬರ್‍ಲಿ."

ಕಂಡಕ್ಟರು ಒಳಗಿನ ದೀಪ ಆರಿಸಿ ಮುಂದಿನ ಸೀಟಿನಲ್ಲಿ ಕೂತಿದ್ದರು. ರಸ್ತೆ ಗುಂಡಿಬಿದ್ದದ್ದು, ನಿಂತರೆ ಟಿಕೆಟ್ ಯಂತ್ರ ಹಿಡಿಯಲಾಗುವುದಿಲ್ಲ. ದುಡಿದು ಬಂದು ಮತ್ತೆ ದುಡಿಯಲು ಹೊರಟವರನ್ನು ಎಬ್ಬಿಸಿ, ಗಂಟು ಬಿಚ್ಚಿಸಿ, ಕಾರ್ಡು ತೋರಿಸಿ ಅನ್ನುವುದಕ್ಕೆ ಅವರಿಗೆ ಮನಸ್ಸೂ ಇಲ್ಲ. ಮೊದಲು ದುಡ್ಡು ಕೊಡುತ್ತಿದ್ದ ಕಾಲದಲ್ಲಿ ಊರಿನಿಂದಲೇ ಟಿಕೆಟ್ ಹರಿಯುತ್ತಿದ್ದರಂತೆ. ಈಗ ಹೇಗೂ ಹೆಂಗಸರು ಕೊಡುವುದು ಸೊನ್ನೆ. ಊರಿನಿಂದ ಹರಿದರೂ ಸೊನ್ನೆ, ಕ್ರಾಸಿನಿಂದ ಹರಿದರೂ ಸೊನ್ನೆ. ಹಾಗೆಂದು ಯಾರೂ ಕೂತು ಮಾತಾಡಿಕೊಂಡದ್ದಲ್ಲ, ತಾನಾಗಿ ರೂಢಿಯಾದದ್ದು. ಕ್ರಾಸಿನಲ್ಲಿ ಟಾರು ರಸ್ತೆ ಸಿಕ್ಕಿದ ಮೇಲೆ ದೀಪ ಹಾಕಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಚಕಚಕನೆ ಎಲ್ಲರಿಗೂ ಟಿಕೆಟ್ ಕೊಟ್ಟರು. ತಪಾಸಣೆಯವರು ಹತ್ತುವುದು ಅಲ್ಲಿಂದಾಚೆಗೇ. ಸಂಜೆಯೂ ಹೀಗೆಯೇ, ಊರಿಗೆ ಹೋಗುವವರಿಗೆಲ್ಲ ಕ್ರಾಸಿನವರೆಗೆ ಎಂದು ಒಂದೇ ಗುಂಡಿ ಒತ್ತುತ್ತಾರೆ. ನನಗೆ ಕೊಟ್ಟ ಚೀಟಿಯ ಮೇಲೂ ಕ್ರಾಸಿನ ಹೆಸರಿತ್ತು. ಓದಿ, ಮಡಿಸಿ, ಮನವಿಯ ಪುಟಗಳ ನಡುವೆ ಇಟ್ಟುಕೊಂಡೆ.

ಡಿಪೋ ಮ್ಯಾನೇಜರು ಬರುವವರೆಗೆ ಎರಡು ಗಂಟೆ ಕಾದೆವು. ಜಗಳಕ್ಕೆ ಸಿದ್ಧಳಾಗಿ ಹೋಗಿದ್ದೆ. ಆತ ಜಗಳದ ಮನುಷ್ಯನೇ ಆಗಿರಲಿಲ್ಲ. ಅಕ್ಕನಿಗೆ ಮೊದಲು ಕುರ್ಚಿ ತೋರಿಸಿ, ಆಮೇಲೆ ನನಗೆ ಹೇಳಿದರು. ನಾಲ್ಕೂ ಪುಟ ಓದಿದರು. ನನ್ನ ಬರಹವನ್ನು ಯಾರಾದರೂ ಅಷ್ಟು ನಿಧಾನವಾಗಿ ಓದಿದ್ದು ನನಗೆ ನೆನಪಿಲ್ಲ.

"ಚೆನ್ನಾಗಿ ಬರ್ದಿದೀರ ಮೇಡಂ. ರಸ್ತೆಗೆ ಲಾಭ ಕೇಳಲ್ಲ, ಬಸ್ಸಿಗೆ ಯಾಕೆ... ಇದನ್ನ ನಾನೂ ಮೇಲಿನವರಿಗೆ ಹೇಳಿದೀನಿ. ನಿಮ್ಮಷ್ಟು ಚೆನ್ನಾಗಿ ಹೇಳೋಕೆ ಬರ್‍ಲಿಲ್ಲ."

"ಅವರೇನಂದ್ರು?"

"ಭಾಷಣ ಹಾಕಿದ್ರೆ ಟ್ಯಾಂಕ್ ತುಂಬುತ್ತೇನ್ರೀ ಅಂದ್ರು."

ಅವರ ಮೇಜಿನ ಮೇಲೆ ಇಂಥವೇ ಮನವಿಗಳ ಕಟ್ಟು ಇತ್ತು. ಬಸ್ಸುಗಳು ಹಳೆಯವು, ಡ್ರೈವರುಗಳು ಸಾಲದು, ಇದ್ದ ಒಂದು ಗಾಡಿಯನ್ನು ಎಲ್ಲಿ ಜನ ಹೆಚ್ಚೋ ಅಲ್ಲಿಗೆ ಕಳಿಸಬೇಕು, ಅಲ್ಲಿಂದ ಕಿತ್ತು ಇಲ್ಲಿಗೆ ಕೊಟ್ಟರೆ ಅಲ್ಲಿಯವರು ಬಂದು ಇದೇ ಕುರ್ಚಿಯಲ್ಲಿ ಕೂರುತ್ತಾರೆ. ಇದನ್ನೆಲ್ಲ ಅವರು ದೂರಿನಂತೆ ಹೇಳಲಿಲ್ಲ. ಮಳೆ ಬರುತ್ತಿದೆ ಅನ್ನುವಂತೆ ಹೇಳಿದರು. ಅವರ ಮಾತಿಗೆಲ್ಲ ನಾನು ತಲೆಯಾಡಿಸುತ್ತಿದ್ದೇನೆಂದು ಆಮೇಲೆ ಅರಿವಾಯಿತು.

"ಆದ್ರೆ ಸಾರ್, ಹೆಂಗಸರ ಪ್ರಯಾಣಕ್ಕೆ ಸರ್ಕಾರ ದುಡ್ಡು ಕೊಡುತ್ತಲ್ಲ?"

"ಕೊಡುತ್ತೆ. ಫ್ರೀ ಟಿಕೆಟ್ ನಿಮಗೆ ಫ್ರೀ, ನಮಗೆ ಅದೇ ಬಿಲ್ಲು. ಚೀಟಿ ಮೇಲೆ ಎಲ್ಲಿಂದ ಎಲ್ಲಿಗೆ ಅಂತ ಇರುತ್ತಲ್ಲ, ಅಷ್ಟು ದೂರಕ್ಕೆ ಕೊಡ್ತಾರೆ. ತಡವಾಗಿ ಕೊಡ್ತಾರೆ, ಅದಿರಲಿ." ಕಪಾಟಿನಿಂದ ಒಂದು ಹಾಳೆ ತೆಗೆದು ನನ್ನ ಮುಂದೆ ತಿರುಗಿಸಿ ಇಟ್ಟರು. "ನೀವೇ ನೋಡಿ. ಇದು ಈ ಅಮ್ಮನ ಊರು. ಇವು ಮೂರು ಹಳ್ಳಿ. ಇದು ಕ್ರಾಸು."

ಊರಿನ ಮುಂದೆ ಸೊನ್ನೆ. ಮೂರು ಹಳ್ಳಿಗಳ ಮುಂದೆ ಸೊನ್ನೆ, ಸೊನ್ನೆ, ಸೊನ್ನೆ. ಕ್ರಾಸಿಗೆ ಬಂದ ಮೇಲೆ ಬಸ್ಸು ಒಮ್ಮೆಗೇ ತುಂಬಿಬಿಡುತ್ತದೆ.

"ಒಂಬತ್ತು ಕಿಲೋಮೀಟರು ಗಾಳಿ ಹೊತ್ಕೊಂಡು ಹೋಗಿ, ಗಾಳಿ ಹೊತ್ಕೊಂಡು ಬರ್ತಾ ಇದೆ. ನಾನು ಮೇಲಿನವರಿಗೆ ಏನಂತ ಉತ್ತರ ಕೊಡ್ಲಿ?"

ಚರ್ಚೆ ಮಾಡಿದವರಿಗೆ ಆ ಕ್ಷಣ ಗೊತ್ತಿರುತ್ತದೆ. ಎದುರಾಳಿಯ ಇಡೀ ವಾದ ನಿಂತಿರುವ ಒಂದು ಕಾಲು ಕಾಣಿಸುತ್ತದೆ, ಅದು ಮುರಿದಿದೆ ಎಂದೂ ಕಾಣಿಸುತ್ತದೆ. ಮೈಯೆಲ್ಲ ಬೆಚ್ಚಗಾಗುತ್ತದೆ. ಕಾಯಲಾಗುವುದಿಲ್ಲ. ಅಕ್ಕನಿಗೂ ಅದೇ ಹೊತ್ತಿಗೆ ಅರ್ಥವಾಗಿತ್ತು. ಮೇಜಿನ ಕೆಳಗೆ ನನ್ನ ಮುಂಗೈಯನ್ನು ಹಿಡಿದು ಚಿವುಟಿದರು.

"ಬ್ಯಾಡ ಕಣವ್ವ. ಏಳು, ಹೋಗಾನ."

ನಾನು ಕೈ ಬಿಡಿಸಿಕೊಂಡೆ. "ಗಾಳಿಯಲ್ಲ ಸಾರ್, ನಿಮ್ಮ ಹಾಳೆಯೇ ತಪ್ಪು. ಇವತ್ತು ಬೆಳಿಗ್ಗೆ ಆ ಬಸ್ಸು ಊರಿನಲ್ಲೇ ತುಂಬಿತ್ತು. ನಾನೇ ಊರಿನಲ್ಲಿ ಹತ್ತಿದೆ, ನನ್ನ ಟಿಕೆಟ್ ನೋಡಿ, ಕ್ರಾಸಿನಿಂದ ಅಂತ ಇದೆ. ಎಲ್ಲರದೂ ಹೀಗೇ. ಕಂಡಕ್ಟರು ಕ್ರಾಸ್ ಬರೋವರೆಗೆ ಟಿಕೆಟ್ ಹರಿಯೋದೇ ಇಲ್ಲ." ಚೀಟಿ ತೆಗೆದು ಅವರ ಹಾಳೆಯ ಮೇಲೆ ಇಟ್ಟೆ. ಇಟ್ಟ ರೀತಿಯೂ ನನಗೆ ನೆನಪಿದೆ. ಇಸ್ಪೀಟಿನ ಕೊನೆಯ ಎಲೆ ಇಡುವ ಹಾಗೆ.

ಮ್ಯಾನೇಜರು ಚೀಟಿಯನ್ನು ಬಹಳ ಹೊತ್ತು ನೋಡಿದರು. ಅಕ್ಕನನ್ನು ನೋಡಿದರು. ಅಕ್ಕ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದರು.

"ಇದನ್ನ ಬರ್ದು ಕೊಡ್ತೀರಾ ಮೇಡಂ?"

ಬರೆದುಕೊಟ್ಟೆ. ದಿನಾಂಕ ಹಾಕಿ, ಸಹಿ ಮಾಡಿ, ಚೀಟಿಯನ್ನು ಪಿನ್ನು ಹಾಕಿ ಸೇರಿಸಿದೆ. ಅದರಲ್ಲಿ ಉಪಶೀರ್ಷಿಕೆಯಿರಲಿಲ್ಲ, ಒಂದು ಪದ ಹೆಚ್ಚಿರಲಿಲ್ಲ.

ಮೆಜೆಸ್ಟಿಕ್ಕಿನ ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಕೂತರು. ಮುಕ್ಕಾಲು ದಾರಿ ಕಳೆದ ಮೇಲೆ ನಾನೇ, "ಬಸ್ಸು ಉಳಿಯುತ್ತೆ ಅಕ್ಕ. ಇನ್ನವರು ತೆಗೆಯೋಕಾಗಲ್ಲ," ಅಂದೆ.

"ಉಳೀತದೆ."

"ನಿಜ ತಾನೇ ಹೇಳಿದ್ದು?"

"ನಿಜಾನೇ." ಕಿಟಕಿಯಿಂದ ಈ ಕಡೆ ತಿರುಗಿ ಹೇಳಿದರು: "ಒಂದ್ ತಿಂಗ್ಳು ಟೈಮ್ ಕೊಡಿ ಸಾರ್, ಆಮೇಲ್ ನೋಡಿ ಅಂತ ಕೇಳ್‌ಬೋದಾಗಿತ್ತಲ್ವಾ? ನಾಳೆಯಿಂದ ನಾವೆಲ್ಲ ಊರಿಂದ್ಲೇ ಹರಿಸ್ಕೊತಿದ್ವಿ. ಮ್ಯಾನೇಜ್ರಿಗೂ ಗೊತ್ತಾಗ್ತಿರ್‍ಲಿಲ್ಲ, ಕಂಡಕ್ಟ್ರಿಗೂ ಏನೂ ಆಗ್ತಿರ್‍ಲಿಲ್ಲ. ಹಾಳೇಲಿ ಸೊನ್ನೆ ಹೋಗಿ ಲೆಕ್ಕ ಬತ್ತಿತ್ತು."

ಅಷ್ಟು ಸರಳವಾದದ್ದು ನನಗೆ ಹೊಳೆದಿರಲಿಲ್ಲ. ಐದು ವರ್ಷದ ತರಬೇತಿಯಲ್ಲಿ ಸಮಯ ಕೇಳುವುದನ್ನು ಯಾರೂ ಕಲಿಸಿರಲಿಲ್ಲ. ಅಲ್ಲಿ ಸಮಯ ಕೇಳಿದವರು ಸೋತವರು.

"ನೀನು ಗೆಲ್ಲಾಕೆ ಹೋಗಿದ್ದೆ," ಅಂದರು ಅಕ್ಕ. "ನಾ ಬಸ್ಸಿಗ್ ಹೋಗಿದ್ದೆ."

ಹತ್ತು ದಿನದೊಳಗೆ ಹಳೆಯ ಕಾಗದ ಕಿತ್ತುಹಾಕಿದರು. ಬಸ್ಸು ಊರಿಗೆ ಬರುವುದು ಮುಂದುವರಿಯಿತು. ಕಂಡಕ್ಟರನ್ನು ವಿಚಾರಣೆ ಮುಗಿಯುವವರೆಗೆ ಅಮಾನತು ಮಾಡಿದರು. ಹೊಸಬ ಒಬ್ಬ ಹುಡುಕಿ ಹುಡುಕಿ ಟಿಕೆಟ್ ಕೊಡುವವನು ಬಂದ. ಊರಿನಲ್ಲಿ ಹಾಲಿನ ಡೇರಿಯ ಮುಂದೆ ಬಸ್ಸು ನಿಲ್ಲಿಸಿ, ದೀಪ ಹಾಕಿ, ಒಬ್ಬೊಬ್ಬರ ಕಾರ್ಡು ನೋಡಿ, ಎಲ್ಲರದೂ ಮುಗಿದ ಮೇಲೆಯೇ ಸೀಟಿ ಊದುತ್ತಾನಂತೆ. ಊರಿನವರು ಅವನಿಗೆ ಊಟದ ಸರದಿ ಹಚ್ಚಲಿಲ್ಲ. ಅವನೂ ಕೇಳಲಿಲ್ಲ, ಡಬ್ಬಿ ತರುತ್ತಾನೆ. ಇದೆಲ್ಲ ಅಕ್ಕ ಅಮ್ಮನಿಗೆ ಹೇಳಿದ್ದು, ಅಮ್ಮನಿಂದ ನನಗೆ ತಿಳಿದದ್ದು. ಅಕ್ಕ ನನಗೆ ನೇರವಾಗಿ ಹೇಳುವುದು ಕಡಿಮೆಯಾಗಿತ್ತು.

ಊರು ನನ್ನನ್ನು ಬೈಯಲಿಲ್ಲ. ನಾನು ಯಾರು ಅವರಿಗೆ? ಬೈದದ್ದು ನನ್ನನ್ನು ಕರೆದುಕೊಂಡು ಬಂದವರನ್ನು. ಮೊದಲೆಲ್ಲ ಅಕ್ಕ ತಡವಾದರೆ ಎದುರುಮನೆಯವಳು ಕಿಟಕಿಯ ಸೀಟಿಗೆ ಟವೆಲ್ಲು ಹಾಕಿ ಹಿಡಿದಿರುತ್ತಿದ್ದಳಂತೆ. ಈಗ ಅಕ್ಕ ಮೂಟೆಗಳ ಪಕ್ಕ ನಿಂತುಕೊಂಡು ಬರುತ್ತಾರೆ. ಕಾಲು ಊದಿಕೊಂಡಿದ್ದನ್ನು ಅಮ್ಮ ನೋಡಿ ಕೇಳಿದ್ದಕ್ಕೆ, "ನಿಂತ್ರೆ ಊದ್‌ಕತದೆ," ಅಂದರಂತೆ, ಅಷ್ಟೇ.

"ನಿನ್ನ ಬಾಯಿಗೆ ಒಂದು ಬೀಗ ಹಾಕಿಸಬೇಕಿತ್ತು ಕಣೇ," ಅಂದಳು ಅಮ್ಮ. ಸಿಟ್ಟಿನಿಂದಲ್ಲ. ಸಿಟ್ಟಿದ್ದಿದ್ದರೆ ನಾನು ವಾದ ಮಾಡಬಹುದಿತ್ತು.

ನಾನು ಇನ್ನೊಂದು ಮನವಿ ಬರೆದೆ, ಕಂಡಕ್ಟರ ಪರ. ಆತ ಒಂದು ರೂಪಾಯಿಯನ್ನೂ ಮುಟ್ಟಿಲ್ಲ, ಯಾವ ಪ್ರಯಾಣಿಕರಿಗೂ ನಷ್ಟವಾಗಿಲ್ಲ, ಕೆಟ್ಟ ರಸ್ತೆಯಲ್ಲಿ ಕತ್ತಲಲ್ಲಿ ಟಿಕೆಟ್ ಕೊಡದಿರುವುದು ಅಜಾಗರೂಕತೆಯಲ್ಲ, ಪ್ರಯಾಣಿಕರ ಮೇಲಿನ ಕಾಳಜಿ, ಊರೆಲ್ಲ ಒಪ್ಪಿದ ಪದ್ಧತಿ. ಬರೆಯುವುದು ಕಷ್ಟವೇನಾಗಲಿಲ್ಲ. ನಾಣ್ಯದ ಇನ್ನೊಂದು ಮುಖ ಬಿದ್ದಾಗ ಏನು ಮಾಡಬೇಕೆಂದು ನನಗೆ ಚೆನ್ನಾಗಿ ಗೊತ್ತಿದೆ. ಅಂಚೆಯಲ್ಲಿ ಕಳಿಸಿದೆ. ವಾರದ ನಂತರ ಮ್ಯಾನೇಜರೇ ಫೋನ್ ಮಾಡಿದರು.

"ಮೇಡಂ, ನಿಮ್ಮ ಎರಡು ಕಾಗದವೂ ನನ್ನ ಮುಂದಿದೆ. ಒಂದರಲ್ಲಿ ಅವನು ಟಿಕೆಟ್ ಹರಿಯಲ್ಲ, ಅದರಿಂದಲೇ ಊರಿನ ಲೆಕ್ಕ ಕೆಟ್ಟಿದೆ ಅಂತಿದೆ. ಇನ್ನೊಂದರಲ್ಲಿ ಅವನು ತಪ್ಪೇ ಮಾಡಿಲ್ಲ ಅಂತಿದೆ. ಎರಡೂ ಚೆನ್ನಾಗಿದೆ. ಫೈಲಿಗೆ ಯಾವುದು ಹಾಕ್ಲಿ?"

"ಎರಡೂ ಹಾಕಿ ಸಾರ್. ಎರಡೂ ನಿಜ."

ಡಿಪೋದ ಅಂಗಳದಲ್ಲಿ ಯಾವುದೋ ಬಸ್ಸನ್ನು ಹಿಂದಕ್ಕೆ ತೆಗೆಯುತ್ತಿದ್ದ ಶಬ್ದ ಕೇಳುತ್ತಿತ್ತು.

"ಅವನು ದುಡ್ಡು ತಿನ್ನೋನಲ್ಲ ಅಂತ ನನಗೂ ಗೊತ್ತು ಮೇಡಂ. ಆದ್ರೆ ಪಿನ್ನು ಹಾಕಿರೋ ಕಾಗದ ಮೊದಲು ಬಂದಿದೆ. ನೀವು ಯಾವ ಕಡೆಯವರು ಅಂತ ಮೇಲಿನವರು ಕೇಳಿದ್ರೆ ನಾನು ಹೇಳೋಕಾಗಲ್ಲ. ಇಡ್ತೀನಿ." ಫೋನ್ ಇಟ್ಟರು.

ಮಾರನೆಯ ದಿನ ಅಕ್ಕ ಮೆಂತ್ಯ ಹುರಿಯುತ್ತಿದ್ದಾಗ ಹೋಗಿ ಎದುರು ಕೂತೆ. ಎರಡನೆಯ ಮನವಿಯ ವಿಷಯ ಆಗ ಹೇಳಿದೆ, ಫೋನಿನ ಮಾತನ್ನೂ ಹೇಳಿದೆ. ಅಕ್ಕ ಸೌಟು ಆಡಿಸುತ್ತಲೇ ಕೇಳಿದರು.

"ನೀ ಏನಂದೆ?"

"ಎರಡೂ ನಿಜ ಅಂದೆ."

"ಹಂಗಂದ್ರೆ ಯಾರ್ ನಂಬ್ತಾರೆ?"

"ನಿಜ ಅಲ್ವಾ ಅಕ್ಕ?"

"ನಿಜಾನೇ ಕಣವ್ವ. ನಿಜ ಅಂತ ಊರಿಗೆಲ್ಲ ಗೊತ್ತು." ಬಾಣಲೆ ಇಳಿಸಿ ಮೆಂತ್ಯವನ್ನು ಮೊರಕ್ಕೆ ಸುರಿದರು, ಹರಡಿದರು. "ಆ ಕಂಡಕ್ಟ್ರಪ್ಪನ ಮನೇಗೆ ಹೋಗಿದ್ದೆ ಭಾನ್ವಾರ. ಒಳಕ್ ಕರೆದು ಕಾಪಿ ಕೊಟ್ರು. ಬಸ್ಸು ಬತ್ತಾ ಐತಲ್ಲ, ಬುಡಿ ಅಂದ್ರು."

ಆತ ಅಷ್ಟು ಒಳ್ಳೆಯವರಾಗಿರಬೇಕಾಗಿರಲಿಲ್ಲ ಎಂದು ನನಗೆ ಅನ್ನಿಸಿತು. ಹರಡಿದ ಮೆಂತ್ಯದಲ್ಲಿ ಸೀದ ಕಾಳು ಒಂದೆರಡಿದ್ದವು. ಇಷ್ಟು ವರ್ಷಕ್ಕೆ ಮೊದಲ ಸಲ ಕಂಡೆ. ಅಕ್ಕನೂ ಕಂಡು, ಆರಿಸಿ ಬದಿಗೆ ಹಾಕಿದರು.

ನಾಲ್ಕು ಗಂಟೆಗೆ ಕೈಕಾಲು ತೊಳೆದು, ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ಬಳಿ ಚಪ್ಪಲಿ ಮೆಟ್ಟಿದರು. ಊದಿದ ಕಾಲಿಗೆ ಚಪ್ಪಲಿಯ ಪಟ್ಟಿ ಬಿಗಿಯಾಗುತ್ತಿತ್ತು. ಬಗ್ಗಿ ಸಡಿಲಿಸಿಕೊಂಡರು. ಎಂದೂ ಕೇಳದ ಪ್ರಶ್ನೆಯನ್ನು ನಾನು ಅಂದು ಕೇಳಿದೆ.

"ನಾಳೆ ಬರ್ತೀರಲ್ವಾ ಅಕ್ಕ?"

"ಬಸ್ಸೈತಲ್ಲ," ಅಂದರು. "ಬರ್‍ದೆ ಇನ್ನೇನ್ ಮಾಡ್ಲಿ?"